ಟ್ರಾಮಿನ ಗಾಲಿಗೆ ಕೊಟ್ಟ ಮಣೆ

ಶನಿವಾರ, ದಸರೆ. ಐದೂವರೆಗೆ ಎದ್ದೆ. ಹಾಲು ಕಾಯಿಸಿದೆ. ಕಡಲೆಬೇಳೆ ಬೇಯಿಸಿ ಕಟ್ಟು ಬಸಿದು ಬೇರೆ ಪಾತ್ರೆಯಲ್ಲಿಟ್ಟೆ, ಹೂರಣ ರುಬ್ಬಿದೆ. ಇವರ ಬಿ.ಪಿ. ಮಾತ್ರೆ ಮುಗಿಯುತ್ತ ಬಂದಿದೆ, ಸೋಮವಾರ ಜಿ.ಪಿ. ಡಾಕ್ಟರಿಗೆ ಫೋನು ಮಾಡಬೇಕು ಎಂದು ಬರೆದು ಫ್ರಿಜ್ಜಿಗೆ ಅಂಟಿಸಿದೆ. ಕೌನ್ಸಿಲ್‌ನವರು ಖಾಲಿ ಮಾಡಿ ಹೋಗಿದ್ದ ಕಸದ ತೊಟ್ಟಿಯನ್ನು ಗೇಟಿನೊಳಗೆ ಎಳೆದುಕೊಂಡೆ. ರೇಡಿಯೇಟರಿನ ಮೇಲೆ ಹರವಿದ್ದ ಕೆಲಸದ ಓವರಾಲ್ ಇನ್ನೂ ಹಸಿ ಇತ್ತು, ಇಸ್ತ್ರಿ ಹಾಕಿ ಒಣಗಿಸಿದೆ. ಧಾರವಾಡದಿಂದ ಅಣ್ಣ ಲಕೋಟೆಯಲ್ಲಿ ಕಳಿಸಿದ್ದ ಬನ್ನಿ ಎಲೆಗಳಲ್ಲಿ ಪುಡಿಯಾಗದೆ ಉಳಿದವನ್ನು ಆರಿಸಿ ಒಂದು ಡಬ್ಬಿಗೆ ಹಾಕಿಕೊಂಡೆ. ಏಳೂಕಾಲಿಗೆ ಹ್ಯಾರೋದ ಮನೆಯಿಂದ ಪಾರ್ಕ್ ರಾಯಲ್‌ನ ಟ್ರಾಮ್ ಶೆಡ್ಡಿಗೆ ಕಾರು ತೆಗೆದೆ. ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡುತ್ತಿದ್ದೆ: ಚೀಟಿ ನನ್ನದು, ತೆಗೆದವಳೂ ನಾನೇ.

ದಿನಚರಿಯಲ್ಲಿ ಆ ಬೆಳಗಿನದು ಇಷ್ಟೇ ಇದೆ. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ನಮ್ಮ ಕನ್ನಡ ಕೂಟದ ಗೆಳತಿಯೊಬ್ಬಳ ಮಗಳು ಈ ವರ್ಷ ರೈಲು ಡಿಪೋದಲ್ಲಿ ಅಪ್ರೆಂಟಿಸ್ ಆಗಿ ಸೇರಿದ್ದಾಳೆ. ಕನ್ನಡ ಓದುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ತಾಯಿ ಕೇಳಿದಳು, "ಗಿರಿಜಾ, ಆ ಕೆಲಸ ಖರೇನ ಹೆಂಗಿರತದ ಅಂತ ನಾಕು ಮಾತು ಬರದು ಕೊಡ. ನಾವು ಹೇಳಿದ್ರ ಕೇಳೂದಿಲ್ಲ." ನಾನು ಮೂವತ್ತು ವರ್ಷ ಡಿಪೋದಲ್ಲಿ ಬ್ರೇಕ್ ಫಿಟ್ಟರ್ ಆಗಿದ್ದವಳು. ಯಾವಾಗ ಯಾವ ಗ್ರೇಡಿಗೆ ಏರಿದೆ ಎಂಬುದು ಯಾರಿಗೂ ಬೇಡದ ಸುದ್ದಿ. ಐವತ್ತೇಳಕ್ಕೆ ಬಿಟ್ಟೆ. ಬಿಟ್ಟ ಮೇಲೂ ಕೈ ಸುಮ್ಮನಿರಲಿಲ್ಲವಾದ್ದರಿಂದ ಟ್ರಾಮ್ ಶೆಡ್ಡಿಗೆ ಹೋದೆ. ಮೂವತ್ತು ವರ್ಷದಲ್ಲಿ ಮಾಡದಂಥ ತಪ್ಪನ್ನು ಅಲ್ಲಿ, ಸಂಬಳವಿಲ್ಲದ ಕೆಲಸದಲ್ಲಿ ಮಾಡಿದೆ.

ಮೊದಲು ಟ್ರಾಮಿನ ವಿಷಯ. ಲಂಡನ್ನಿನ ಬೀದಿಗಳಲ್ಲಿ ಹಿಂದೆ ಓಡುತ್ತಿದ್ದ ಗಾಡಿ ಅದು. ಓಡಾಟ ನಿಂತ ಮೇಲೆ ಅದರ ಒಡಲನ್ನು ಯಾರೋ ಕೊಂಡು ಅಕ್ಸ್‌ಬ್ರಿಡ್ಜ್ ಕಡೆಯ ಹಿತ್ತಲಲ್ಲಿ ಇಟ್ಟುಕೊಂಡಿದ್ದರು. ಒಳಗೆ ಟೊಮೆಟೊ ಸಸಿ, ಹುಲ್ಲು ಕತ್ತರಿಸುವ ಯಂತ್ರ. ಅದನ್ನು ಅಲ್ಲಿಂದ ತಂದು, ಗಾಲಿ ಹುಡುಕಿ ಕೂಡಿಸಿ, ಕೊಳೆತ ಕಂಬಗಳನ್ನು ಒಂದೊಂದಾಗಿ ಬದಲಿಸಿದವರು ಡೆನ್ನಿಸ್. ಹಳೆಯ ಬಡಗಿ, ಎಂಬತ್ತರ ಹತ್ತಿರ, ಬಲಗಾಲಿನ ಮಂಡಿ ಬಗ್ಗಿದರೆ ಏಳುವುದು ಕಷ್ಟ. ಹನ್ನೊಂದು ವರ್ಷ ಆ ಗಾಡಿಗೆ ಕೊಟ್ಟಿದ್ದಾರೆ. ಶೆಡ್ಡು ಇರುವುದು ಪಾರ್ಕ್ ರಾಯಲ್‌ನ ಗೋದಾಮುಗಳ ನಡುವೆ. ಪಕ್ಕದ ಕಾರ್ಖಾನೆಯಲ್ಲಿ ಸಮೋಸ ಮಾಡುತ್ತಾರೆ. ಹಾಗಾಗಿ ನಮ್ಮ ಗಾಡಿಗೆ ಪೇಂಟಿನ ವಾಸನೆಯೂ ಕರಿದ ಈರುಳ್ಳಿಯ ವಾಸನೆಯೂ ಸಮಸಮ.

ಈ ವರ್ಷದ ಕೊನೆಗೆ ಶೆಡ್ಡು ಬಿಡಬೇಕು ಎಂದು ಮಾಲೀಕರು ಹೇಳಿದ್ದರು. ಊರಾಚೆಯ ಒಂದು ಟ್ರಾಮ್ ಸಂಗ್ರಹಾಲಯ ಗಾಡಿಯನ್ನು ತೆಗೆದುಕೊಂಡು ತನ್ನ ಹಳಿಯ ಮೇಲೆ ಓಡಿಸಲು ಒಪ್ಪಿತ್ತು. ಷರತ್ತು ಒಂದೇ: ಅವರ ಪರೀಕ್ಷಕ ಬಂದು ಕೈಬ್ರೇಕನ್ನು ಪರೀಕ್ಷಿಸಿ ಸಹಿ ಹಾಕಬೇಕು. ಸಹಿ ಬೀಳದಿದ್ದರೆ ಆ ಜಾಗ ಸಾಲಿನಲ್ಲಿ ಹಿಂದೆ ನಿಂತಿದ್ದ ಇನ್ನೊಂದು ಗಾಡಿಗೆ ಹೋಗುತ್ತದೆ. ನಮ್ಮದನ್ನು ಬಿಚ್ಚಿ, ಬಿಡಿಭಾಗ ಬೇಕಾದವರಿಗೆ ಹಂಚುವುದು, ಅಷ್ಟೇ. ಪರೀಕ್ಷೆ ಇದ್ದದ್ದು ಶನಿವಾರ. ನನ್ನ ತಪ್ಪು ನಡೆದದ್ದು ಶುಕ್ರವಾರ, ಆಯುಧ ಪೂಜೆಯ ದಿನ.

ಶುಕ್ರವಾರದ್ದು ತಿಳಿಯಬೇಕಾದರೆ ಕೆಂಪು ಚೀಟಿಯ ಪದ್ಧತಿ ತಿಳಿದಿರಬೇಕು. ಅದನ್ನು ಕಲಿಸಿದವರು ನನ್ನ ಮೊದಲ ಸೂಪರ್‌ವೈಸರ್ ಮಿಸ್ಟರ್ ಕಾಯ್ಲ್. ಡಿಪೋದಲ್ಲಿ ಯಾರಾದರೂ ಗಾಡಿಯ ಬ್ರೇಕು ಬಿಚ್ಚಿದರೆ ಮೊದಲು ತನ್ನ ಹೆಸರಿರುವ ಕೆಂಪು ಚೀಟಿಯನ್ನು ಡ್ರೈವರ್ ಗಾಡಿ ನಡೆಸುವ ಹಿಡಿಗೆ ಕಟ್ಟಬೇಕು. ಆ ಚೀಟಿ ಇರುವ ತನಕ ಗಾಡಿಯನ್ನು ಯಾರೂ ಅಲುಗಿಸುವಂತಿಲ್ಲ. ಕಟ್ಟಿದವರು ಬಿಟ್ಟು ಬೇರೆ ಯಾರೂ ಅದನ್ನು ಬಿಚ್ಚುವಂತಿಲ್ಲ, ಮ್ಯಾನೇಜರ್ ಕೂಡ.

ಒಂದು ಚಳಿಗಾಲ ಒಬ್ಬ ಫಿಟ್ಟರ್ ಚೀಟಿ ಕಟ್ಟಿ, ಕೆಲಸ ಮುಗಿಸಿ, ಬಿಚ್ಚುವುದನ್ನು ಮರೆತು ಮನೆಗೆ ಹೋಗಿಬಿಟ್ಟ. ಗಾಡಿ ಸಂಜೆಯ ಜನಸಂದಣಿಗೆ ಬೇಕಾಗಿತ್ತು. ಮೇಲಿನವರು ಫೋನಿನ ಮೇಲೆ ಫೋನು. ನಾನೇ ಹೇಳಿದೆ, "ಸರ್, ನಾನು ಕೆಳಗೆ ಇಳಿದು ನೋಡಿದೆ, ಎಲ್ಲ ಸರಿ ಇದೆ, ತೆಗೆದುಬಿಡೋಣ." ಕಾಯ್ಲ್ ನನ್ನನ್ನು ನೋಡಿದರು. "ಅದರ ಮೇಲೆ ನಿನ್ನ ಹೆಸರು ಇದೆಯಾ?" ಇಲ್ಲ ಎಂದೆ. "ಹಾಗಾದರೆ ಚಹಾ ಮಾಡು." ಆ ಮನುಷ್ಯನನ್ನು ಮನೆಯಿಂದ ಕರೆಸಿದರು. ಅವನು ಬರುವವರೆಗೆ ಎರಡು ತಾಸು ಹಿಮದಲ್ಲಿ ಗಾಡಿಯ ಬಾಗಿಲಿಗೆ ಅಡ್ಡ ನಿಂತಿದ್ದರು. ಅವನು ಚಪ್ಪಲಿಯಲ್ಲೇ ಓಡಿಬಂದು ಚೀಟಿ ಬಿಚ್ಚಿದ. ಕಾಯ್ಲ್ ಅವನಿಗೆ ಬೈಯಲಿಲ್ಲ. ಆರಿದ ಚಹಾ ಕೊಟ್ಟರು.

ನನ್ನ ಮೊದಲ ಎಡವಟ್ಟು ಸೇರಿದ ಎರಡನೆಯ ವರ್ಷದ್ದು. ಜೊತೆಗಾರ ಒಂದು ಬದಿಯ ಬ್ರೇಕು ಕಟ್ಟಿದ, ನಾನು ಇನ್ನೊಂದು ಬದಿಯದು. ಅವನು ಊಟಕ್ಕೆ ಹೋದ. ಎರಡೂ ಬದಿಗೆ ನಾನೇ ಸಹಿ ಹಾಕಿದೆ. ಅವನ ಬದಿಯಲ್ಲಿ ಒಂದು ಪಿನ್ ಇರಲಿಲ್ಲ. ಮಧ್ಯಾಹ್ನ ಗಾಡಿ ಹೊಗೆ ಕಾರುತ್ತ ನಿಂತಿತು, ಜನರನ್ನೆಲ್ಲ ಇಳಿಸಬೇಕಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ಕಾಯ್ಲ್ ದೊಡ್ಡ ಪುಸ್ತಕ ತಂದು ನನ್ನ ಮುಂದಿಟ್ಟು, "ಬರೆ" ಎಂದರು. ಏನು ಬರೆಯಲಿ ಎಂದು ಕೇಳಿದೆ. "ಕಣ್ಣಿಂದ ನೋಡಿದ್ದನ್ನು ಬರೆ. ನೋಡದಿದ್ದರೆ ನೋಡಲಿಲ್ಲ ಎಂದು ಬರೆ." 'ನಾನು ನೋಡಲಿಲ್ಲ. ಸಹಿ ಹಾಕಿದೆ' ಎಂದು ಬರೆದೆ. ಆಮೇಲೆ ಶೌಚಾಲಯಕ್ಕೆ ಹೋಗಿ ಅತ್ತೆ. ಅವರು ಆ ವಿಷಯ ಮತ್ತೆ ಎತ್ತಲಿಲ್ಲ. ಆದರೆ ಅವರು ನಿವೃತ್ತರಾಗುವ ತನಕ, ನಾನು ಪೆನ್ನು ಎತ್ತಿದಾಗಲೆಲ್ಲ ಪಕ್ಕದಿಂದ ಒಂದು ಮಾತು ಬರುತ್ತಿತ್ತು: "ನೋಡಿದೆಯಾ?"

ಕೊನೆಯ ವರ್ಷಗಳಲ್ಲಿ ಪುಸ್ತಕ ಹೋಗಿ ಟ್ಯಾಬ್ಲೆಟ್ ಬಂತು. ಚೌಕದಲ್ಲಿ ಬೆರಳಿಟ್ಟರೆ ಹಸಿರು ಗುರುತು. ನೋಡಿದೆ ಎನ್ನಲು ಜಾಗವಿದೆ, ಮಾಡಿದೆ ಎನ್ನಲು ಜಾಗವಿದೆ. ನನಗೇಕೋ ಅನುಮಾನ ಎಂದು ಬರೆಯಲು ಜಾಗವಿಲ್ಲ. ಅದರಿಂದ ಕೆಲಸ ಬೇಗ ಆಗುತ್ತದೆ, ಸುಳ್ಳು ಹೇಳಬಾರದು. ಆದರೂ ಟ್ರಾಮ್ ಶೆಡ್ಡಿನಲ್ಲಿ ದಾರ ಕಟ್ಟಿದ ಪೆನ್ನು, ರಟ್ಟಿನ ಪುಸ್ತಕ ನೋಡಿದಾಗ ತವರಿಗೆ ಬಂದಂತಾಯಿತು. ಕೆಂಪು ಚೀಟಿಯ ಪದ್ಧತಿಯನ್ನು ಅಲ್ಲಿಗೆ ತಂದವಳು ನಾನೇ. ಡೆನ್ನಿಸ್ ಮೊದಲು ನಕ್ಕರು, ಆಮೇಲೆ ಎಲ್ಲರಿಗೂ ಒಂದೊಂದು ಚೀಟಿ ಮಾಡಿಸಿದರು.

ಇನ್ನು ಶುಕ್ರವಾರ. ಒಂಬತ್ತೂವರೆಗೆ ನಾನು ಗಾಡಿಯ ಕೆಳಗಿದ್ದೆ. ಟ್ರಾಮಿನ ಕೈಬ್ರೇಕು ಸರಳವಾದದ್ದು: ಡ್ರೈವರ್ ನಿಲ್ಲುವಲ್ಲಿ ಒಂದು ಹಿತ್ತಾಳೆಯ ಹಿಡಿ. ತಿರುಗಿಸಿದರೆ ಕೆಳಗೆ ಸರಪಳಿ ಸುತ್ತಿಕೊಂಡು ಕಬ್ಬಿಣದ ಸಲಾಕೆಯನ್ನು ಎಳೆಯುತ್ತದೆ, ಸಲಾಕೆ ಬ್ರೇಕನ್ನು ಗಾಲಿಗೆ ಒತ್ತುತ್ತದೆ. ಸರಪಳಿಗೂ ಸಲಾಕೆಗೂ ನಡುವೆ ಹೆಬ್ಬೆರಳು ದಪ್ಪದ ಒಂದು ಪಿನ್. ಆ ಪಿನ್ ಸವೆದಿತ್ತು. ಹೊಸದನ್ನು ಮಾಡಿಸಿ ತಂದಿದ್ದೆ. ಹಿಡಿಗೆ ನನ್ನ ಚೀಟಿ ಕಟ್ಟಿದೆ, ಹಳೆಯದನ್ನು ತೆಗೆದೆ, ಹೊಸ ಪಿನ್ನಿಗೆ ಗ್ರೀಸ್ ಹಚ್ಚಿ ತಟ್ಟೆಯಲ್ಲಿಟ್ಟೆ. ಗಾಲಿಗೆ ಮರದ ಬೆಣೆ ಕೊಟ್ಟಿತ್ತು. ಎಲ್ಲವೂ ಕ್ರಮದಂತೆ.

ಆಗ ಸುಧೀಂದ್ರ ಬಂದ. ಬೆಂಗಳೂರಿನವನು, ಬ್ಯಾಂಕೊಂದರಲ್ಲಿ ಐ.ಟಿ. ಕೆಲಸ, ನಲವತ್ತು ದಾಟಿದವನು. ಗಾಡಿಯ ದೀಪಗಳ ವೈರಿಂಗ್ ಎಲ್ಲ ಅವನದು. ಪೂಜೆಗೆಂದೇ ರಜೆ ಹಾಕಿದ್ದ. ಒಂಬತ್ತಕ್ಕೆ ಬರುತ್ತೇನೆ ಎಂದವನು ಬಂದದ್ದು ಹತ್ತು ದಾಟಿ ಹತ್ತು ನಿಮಿಷಕ್ಕೆ, ಎರಡು ಕೈಯಲ್ಲೂ ಚೆಂಡುಹೂವು.

"ಎಷ್ಟೊತ್ತೋ ಮಾರಾಯಾ. ಹತ್ತೂವರಿಗೆ ರಾಹುಕಾಲ ಶುರು."

"ಅಕ್ಕ, ಅದು ಇಂಡಿಯಾ ಟೈಮು. ಆಪ್‌ನಲ್ಲಿ ನೋಡಿ, ಇಲ್ಲಿ ಸೂರ್ಯ ಹುಟ್ಟೋದೇ ಏಳಕ್ಕೆ. ರಾಹುಕಾಲ ಹನ್ನೊಂದೂ ಇಪ್ಪತ್ತರ ಮೇಲೆ. ಒಂದು ಗಂಟೆ ಇದೆ, ಆರಾಮಾಗಿ ಮಾಡೋಣ."

"ನಿನ್ನ ಆಪು ನಿನ್ನ ಕಡೆನ ಇರ್ಲಿ. ಶುಕ್ರವಾರ ಹತ್ತೂವರಿ ಅಂದ್ರ ಹತ್ತೂವರಿ. ನಮ್ಮವ್ವ ಸೂರ್ಯನ್ನ ಕೇಳಿ ಪೂಜಾ ಮಾಡ್ತಿದ್ದಿಲ್ಲ."

ಲೆಕ್ಕದಲ್ಲಿ ಅವನದೇ ಸರಿ. ಮೂವತ್ತು ವರ್ಷಕ್ಕೂ ಹೆಚ್ಚು ಈ ಊರಿನಲ್ಲಿದ್ದೂ ನಾನು ಧಾರವಾಡದ ಕ್ಯಾಲೆಂಡರಿನ ಹತ್ತೂವರೆಯನ್ನೇ ಹಿಡಿದುಕೊಂಡಿದ್ದೆ. ಪಿನ್ ಹಾಕಲು ಬೇಕಾದದ್ದು ಆರೇಳು ನಿಮಿಷ. ಪೂಜೆ ಮುಗಿಸಿ ಹಾಕಿದರಾಯಿತು ಎಂದುಕೊಂಡು ಕೈ ತೊಳೆದೆ.

ಅವ್ವನ ಸಾಗವಾನಿ ಮಣೆಯನ್ನು ಮನೆಯಿಂದ ತಂದಿದ್ದೆ. ಗಾಡಿಯ ಮುಂದಿನ ಗಾಲಿಯ ಪಕ್ಕ ಅದನ್ನಿಟ್ಟು ಅದರ ಮೇಲೆ ಅರಿಷಿಣ, ಕುಂಕುಮ, ತೆಂಗಿನಕಾಯಿ ಜೋಡಿಸಿದೆ. ಸುಧೀಂದ್ರ ಮೇಲೆ ಹತ್ತಿ ಹಾರ ಹಾಕತೊಡಗಿದ. ಹಿತ್ತಾಳೆಯ ಹಿಡಿಗೆ ಹಾರ ಬಂದಾಗ ಅಲ್ಲಿ ನನ್ನ ಕೆಂಪು ಚೀಟಿ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 'ಅಪಾಯ'.

"ಅಕ್ಕ, ಇದರ ಪಕ್ಕಕ್ಕೇ ಕಟ್ಲಾ?"

ಪೂಜೆಯ ಹೊತ್ತಿನಲ್ಲಿ ಅಪಾಯ ಎಂಬ ಮಾತು ಗಾಡಿಯ ಎದೆಯ ಮೇಲೆ ತೂಗುತ್ತಿರುವುದು ನನಗೆ ಸರಿಬರಲಿಲ್ಲ. ಮದುವೆ ಮನೆಯಲ್ಲಿ ಬರಿಗೊಡ ಎದುರು ಬಂದಂತಾಯಿತು. ಅವನು ಮುಟ್ಟುವಂತಿಲ್ಲ, ಅದು ಅವನಿಗೂ ಗೊತ್ತು. ನಾನೇ ಹತ್ತಿ ಬಿಚ್ಚಿದೆ, ಮಡಚಿ ಜೇಬಿಗೆ ಹಾಕಿದೆ.

ಹೊಸದಾಗಿ ಕೆಲಸಕ್ಕೆ ಸೇರುವವರು ಇಲ್ಲಿ ಸ್ವಲ್ಪ ನಿಂತು ಓದಬೇಕು. ಪಿನ್ ಇಲ್ಲವೆಂದು ನನಗೆ ಗೊತ್ತಿತ್ತು. ಆದರೆ ಮೂವತ್ತು ವರ್ಷ ನನ್ನ ಕೈ ಕಲಿತದ್ದೇನು? ಚೀಟಿ ಬಿಚ್ಚುವುದು ಎಲ್ಲದರ ಕೊನೆಯ ಕೆಲಸ. ಚೀಟಿ ಜೇಬಿಗೆ ಬಂತೆಂದರೆ ಗಾಡಿ ಸಿದ್ಧ, ಮನೆಗೆ ಹೋಗಬಹುದು. ಆ ಚೀಟಿ ಜೇಬಿಗೆ ಇಳಿದ ಕ್ಷಣ ತಲೆಯೊಳಗೆ ಆ ಕೆಲಸ ಮುಗಿದುಹೋಯಿತು. ಮರೆತೆ ಎನ್ನುವುದೂ ಪೂರ್ತಿ ಸರಿಯಲ್ಲ. ಮುಗಿಯಿತೆಂದು ನಂಬಿದೆ.

ಮಂಗಳಾರತಿ ಆಯಿತು. ಗಾಲಿಯ ಕೆಳಗೆ ನಿಂಬೆಹಣ್ಣು ಇಡುವುದು ಉಳಿಯಿತು. ಡೆನ್ನಿಸ್‌ಗೆ ಅದು ಬಹಳ ಹಿಡಿಸಿತ್ತು. "ನಮ್ಮವರು ಹಡಗಿಗೆ ಬಾಟಲಿ ಒಡೆಯುತ್ತಾರೆ, ನೀವು ನಿಂಬೆಹಣ್ಣು ಒಡೆಯುತ್ತೀರಿ. ಗಿರಿ, ಹಣ್ಣು ಒಡೆಯುವುದರ ಫೋಟೊ ನನಗೆ ಬೇಕು," ಎಂದರು. ಡೆನ್ನಿಸ್ ಆಡುವುದು ಇಂಗ್ಲಿಷ್. ಕನ್ನಡ ಬಂದಿದ್ದರೆ ನನ್ನನ್ನು ನೀನು ಎನ್ನುತ್ತಿದ್ದರು, ಹಾಗೆಯೇ ಬರೆದಿದ್ದೇನೆ. ಗಾಡಿಯ ಮುಂದೆ, ಹಳಿಗಳ ನಡುವೆ, ಶೆಡ್ಡಿನ ಶಟರಿಗೆ ಬೆನ್ನು ಮಾಡಿ ಅವರು ಮಂಡಿಯೂರಿ ಕೂತರು. ಕ್ಯಾಮೆರಾ ಕಣ್ಣಿಗೆ.

ಯೋಚನೆ ಇಷ್ಟೇ. ಸುಧೀಂದ್ರ ಬ್ರೇಕು ಬಿಗಿಯುತ್ತಾನೆ, ನಾನು ಬೆಣೆ ತೆಗೆದು ಹಣ್ಣು ಇಡುತ್ತೇನೆ, ಅವನು ಸ್ವಲ್ಪ ಸಡಿಲಿಸಿದಾಗ ಗಾಡಿಗೆ ಪೇಂಟು ಹಚ್ಚಲು ಬರುವ ಇಬ್ಬರು ಹಿಂದಿನಿಂದ ಒಂದು ಗೇಣು ತಳ್ಳುತ್ತಾರೆ.

"ಬಿಗಿ ಆತೇನು?"

"ಆಯ್ತು ಅಕ್ಕ, ಟಕಟಕ ಅಂತ ಕಚ್ಕೊಳ್ತು. ಟೈಟ್ ಇದೆ."

ಸಡಿಲ ಸರಪಳಿ ತನ್ನ ಮೇಲೆ ತಾನೇ ಗಂಟಾಗಿ ಕೂತದ್ದು ಅವನ ಕೈಗೆ ಬಿಗಿ ಎನಿಸಿತ್ತು. ಅವನ ತಪ್ಪಲ್ಲ. ನಾನು ಬೆಣೆಗಳನ್ನು ತೆಗೆದೆ, ಎರಡು ಹಣ್ಣು ಇಟ್ಟೆ.

ಆ ಕಟ್ಟಡ ಮೊದಲು ಹಾಲಿನ ಡೈರಿಯಾಗಿತ್ತು. ನೆಲ ತೊಳೆದ ನೀರು ಹರಿದುಹೋಗಲೆಂದು ಶಟರಿನ ಕಡೆಗೆ ಸಣ್ಣ ಇಳಿಜಾರು, ಕಣ್ಣಿಗೆ ಕಾಣುವುದಿಲ್ಲ. ಹಣ್ಣು ಒಡೆಯಿತು, ರಸ ಚಿಮ್ಮಿತು. ಯಾರೂ ತಳ್ಳಿರಲಿಲ್ಲ.

ಹತ್ತು ಟನ್ನಿನ ಗಾಡಿ ಹೊರಟಾಗ ಸದ್ದಾಗುವುದಿಲ್ಲ. ಡೆನ್ನಿಸ್ ಫೋಟೊ ತೆಗೆಯುತ್ತಲೇ ಇದ್ದರು. ಗಾಡಿ ಹತ್ತಿರ ಬರುವುದು ಕ್ಯಾಮೆರಾದಲ್ಲಿ ಚೆನ್ನಾಗಿ ಕಂಡಿರಬೇಕು. ಸುಧೀಂದ್ರ ಹಿಡಿ ತಿರುಗಿಸಿದ, ತಿರುಗಿಸಿದ, ಅದು ತಿರುಗುತ್ತಲೇ ಹೋಯಿತು. "ಅಕ್ಕ, ಹಿಡೀತಿಲ್ಲ," ಎಂದ, ಮೆತ್ತಗೆ. ಆ ಮೆತ್ತಗಿನ ದನಿಯಲ್ಲಿ ನನಗೆ ಪಿನ್ ನೆನಪಾಯಿತು. ಗ್ರೀಸ್ ಹಚ್ಚಿಕೊಂಡು ತಟ್ಟೆಯಲ್ಲಿ ಮಲಗಿದ್ದ ಪಿನ್.

ಬೆಣೆಗಳನ್ನು ನಾನೇ ಕಾಲಿಂದ ದೂರ ಸರಿಸಿದ್ದೆ. ಕೈಗೆ ಸಿಕ್ಕಿದ್ದು ಮಣೆ. ಕುಂಕುಮ, ಕಾಯಿ, ಆರತಿ ತಟ್ಟೆ ಎಲ್ಲ ಚೆಲ್ಲಿ ಅದನ್ನು ಎಳೆದುಕೊಂಡೆ. ಗಾಡಿಯ ಜೊತೆ ನಾಲ್ಕು ಹೆಜ್ಜೆ ಓಡಿ ಗಾಲಿಯ ಮುಂದೆ ಹಳಿಯ ಮೇಲೆ ತುರುಕಿದೆ. ಗಾಲಿ ಮಣೆಯನ್ನು ತಳ್ಳಿಕೊಂಡು ಹೋಯಿತು. ಆಮೇಲೆ ಹತ್ತಿತು. ಕಬ್ಬು ಮುರಿದಂತೆ ಒಂದು ಸದ್ದು. ಗಾಡಿ ಒಮ್ಮೆ ಹಿಂದಕ್ಕೆ ವಾಲಿ ನಿಂತಿತು.

ಡೆನ್ನಿಸ್ ಎದ್ದಿರಲಿಲ್ಲ. ಏಳಲು ಅವರಿಗೆ ಮಂಡಿ ಇರಲಿಲ್ಲ. ಗಾಡಿಗೂ ಅವರಿಗೂ ನಡುವೆ ಒಂದು ಗೇಣು ಇತ್ತು. ನಾನು ಆಮೇಲೆ ನನ್ನ ಕೈಯಿಂದಲೇ ಅಳೆದೆ.

ಅವರನ್ನು ಎತ್ತಿ ಕೂರಿಸಿದೆವು. ಮೊದಲು ನಕ್ಕರು. ಆಮೇಲೆ ಕ್ಯಾಮೆರಾ ಮುಚ್ಚಿ ಪಕ್ಕಕ್ಕಿಟ್ಟರು. ನಾನು ಬೆಣೆ ಕೊಟ್ಟು, ಗಾಡಿಯ ಕೆಳಗೆ ಹೋಗಿ ಪಿನ್ ಹಾಕಿದೆ, ಸುಧೀಂದ್ರನಿಂದ ಮುಟ್ಟಿಸಿ ನೋಡಿಸಿದೆ, ಮೇಲೆ ಬಂದು ಪುಸ್ತಕ ತೆಗೆದೆ.

"ಏನು ಮಾಡುತ್ತಿದ್ದೀ?" ಡೆನ್ನಿಸ್ ಕೇಳಿದರು.

"ಬರೆಯುತ್ತಿದ್ದೇನೆ."

"ಯಾರಿಗೂ ಏನೂ ಆಗಿಲ್ಲ. ನಾಳೆ ಅವರು ಬಂದು ಮೊದಲು ಕೇಳುವುದೇ ಆ ಪುಸ್ತಕ. ಬ್ರೇಕಿಲ್ಲದೆ ಗಾಡಿ ಓಡಿತು ಎಂದು ಓದಿದ ಮನುಷ್ಯ ಪರೀಕ್ಷೆಯನ್ನೂ ಮಾಡುವುದಿಲ್ಲ, ವಾಪಸ್ಸು ಹೋಗುತ್ತಾನೆ. ಹನ್ನೊಂದು ವರ್ಷ, ಗಿರಿ."

ಸುಧೀಂದ್ರ ನನ್ನನ್ನು ಬದಿಗೆ ಕರೆದ. "ಅಕ್ಕ, ಅವರು ಹೇಳೋದ್ರಲ್ಲೂ ನ್ಯಾಯ ಇದೆ. ಪೆಟ್ಟಾಗಬೇಕಿದ್ದದ್ದು ಅವರಿಗೆ, ಅವರೇ ಬೇಡ ಅಂತಿದಾರೆ. ಟೆಸ್ಟ್ ಆಗ್ಲಿ, ಸೋಮವಾರ ಬರೀರಿ."

"ಸೋಮವಾರ ಬರದ್ರ ಅದು ಬರದಂಗಲ್ಲೋ ತಮ್ಮಾ, ಮುಚ್ಚಿಟ್ಟು ತೆಗದಂಗ."

"ಹಾಗಾದ್ರೆ ನನ್ನ ಹೆಸರೂ ಹಾಕಿ. ಬ್ರೇಕ್ ಟೈಟ್ ಇದೆ ಅಂದಿದ್ದು ನಾನು."

"ನೀ ಅಂದಿದ್ದನ್ನ ನೀ ಬರಿ. ನಾ ಮಾಡಿದ್ದನ್ನ ನಾ ಬರೀತೀನಿ."

ಎಂಟು ಸಾಲು ಬರೆದೆ. ಅವನು ಕೆಳಗೆ ಎರಡು ಸಾಲು ಬರೆದ. ಡೆನ್ನಿಸ್ ಓದಲಿಲ್ಲ. ಎರಡು ಹೋಳಾಗಿದ್ದ ಮಣೆಯನ್ನು ಎತ್ತಿಕೊಂಡು ತಮ್ಮ ಬೆಂಚಿನ ಕಡೆ ಹೋದರು. ಆ ದಿನ ನನ್ನೊಡನೆ ಮತ್ತೆ ಮಾತಾಡಲಿಲ್ಲ. ನಾನು ಹೊರಟಾಗಲೂ ತಿರುಗಿ ನೋಡಲಿಲ್ಲ.

ಮನೆಗೆ ಬಂದಾಗ ಇವರು ಬಾಗಿಲಲ್ಲೇ ಇದ್ದರು. ಅಕ್ಸ್‌ಬ್ರಿಡ್ಜ್‌ನ ಆಫೀಸಿನಿಂದ ಶುಕ್ರವಾರ ಬೇಗ ಬರುತ್ತಾರೆ.

"ನಿಮ್ಮವ್ವನ ಮಣಿ ಎಲ್ಲೆ?"

ಹೇಳಿದೆ, ಚಪ್ಪಲಿ ಬಿಡದೆ, ನಿಂತಲ್ಲೇ. ಅವರು ಪೂರ್ತಿ ಕೇಳಿದರು.

"ಕುಕ್ಕರ್ ಸೀಟಿ ನಾ ಎಣಿಸಿದ್ರ ನಿನಗ ನಂಬಿಕಿ ಬರಂಗಿಲ್ಲ. ಗ್ಯಾಸ್ ಬಂದ್ ಮಾಡೀನಿ ಅಂದ್ರ ಎದ್ದು ಹೋಗಿ ನೋಡಿ ಬರ್ತಿ. ನೀ ಹಿಂಗ ಮಾಡಿದಿ ಅಂದ್ರ..." ಅಷ್ಟಕ್ಕೆ ನಿಲ್ಲಿಸಿ ನನ್ನ ಕೈ ನೋಡಿದರು. "ಕೈಗೆ ಏನರ ಆಗ್ಯದೇನು?"

"ಇಲ್ಲ."

"ಬರದು ಬಂದ್ಯಾ?"

"ಬರದೀನಿ."

"ಹಂಗಾರ ಕೈಕಾಲು ತೊಳಕೋ. ಹೋದ್ರ ಗಾಡಿ ಹೋಗ್ತದ. ಮನಷ್ಯಾ ಉಳದಾನಲ್ಲ." ಹಾಗೆಂದವರು ತಾವೂ ಎರಡೇ ತುತ್ತು ಉಂಡು ಎದ್ದರು.

ಶನಿವಾರ ಬೆಳಗ್ಗೆ ಶೆಡ್ಡಿಗೆ ನಾನೇ ಮೊದಲು ಎಂದುಕೊಂಡಿದ್ದೆ. ಡೆನ್ನಿಸ್ ಆಗಲೇ ಇದ್ದರು, ಬೆಂಚಿಗೆ ಬಗ್ಗಿಕೊಂಡು. ನಮ್ಮ ಕಡೆ ದಸರೆಯ ದಿನ ಬನ್ನಿ ಕೊಟ್ಟು ತಗೊಂಡು ಜಗಳ ಮರೆಯುತ್ತಾರೆ. ಹಿಂದಿನ ವರ್ಷ ಅವರಿಗೆ ಇದನ್ನು ಹೇಳಿದ್ದೆ, ಎಲೆಯನ್ನು ಬಂಗಾರವೆನ್ನುವ ಜನ ನೀವೊಬ್ಬರೇ ಇರಬೇಕು ಎಂದು ನಕ್ಕಿದ್ದರು. ಈ ಸಲ ಎಲೆ ಚಾಚಿದೆ. ತೆಗೆದುಕೊಂಡರು, ಅಂಗಿಯ ಜೇಬಿಗೆ ಹಾಕಿದರು. ಮತ್ತೆ ಬೆಂಚಿಗೆ ಬಗ್ಗಿದರು. ಕೊಡಲು ಅವರ ಹತ್ತಿರ ಎಲೆ ಇರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹತ್ತಕ್ಕೆ ಪರೀಕ್ಷಕ ಬಂದರು. ಐವತ್ತರ ಆಸುಪಾಸು, ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಟಾರ್ಚು. ಪುಸ್ತಕ ಕೇಳುವ ಮೊದಲೇ ಅವರ ಕಣ್ಣು ಡೆನ್ನಿಸ್‌ರ ಬೆಂಚಿನ ಮೇಲೆ ಬಿತ್ತು. ಅಲ್ಲಿ ಮಣೆ ಇತ್ತು, ಅಂಟು ಹಚ್ಚಿ ಎರಡು ಕಬ್ಬಿಣದ ಕ್ಲಾಂಪು ಬಿಗಿದು. ಮಧ್ಯದಲ್ಲಿ ಗಾಲಿಯ ಅಂಚು ಕಚ್ಚಿದ ಗುರುತು ಹಾಗೇ ಇತ್ತು. ಅದರ ಮೇಲೆ ಬೆರಳಾಡಿಸಿದರು. ಆಮೇಲೆ "ಪುಸ್ತಕ ಕೊಡಿ" ಎಂದರು.

ನಿಂತೇ ಓದಿದರು. ಹತ್ತು ಸಾಲಿಗೆ ಅಷ್ಟು ಹೊತ್ತು ಬೇಕಾಗಿರಲಿಲ್ಲ. ಪಕ್ಕದ ಕಾರ್ಖಾನೆಯ ಎಣ್ಣೆ ಕಾದ ವಾಸನೆ ಬರುತ್ತಿತ್ತು.

"ಚೀಟಿ ತೆಗೆದವರು ಯಾರು?"

"ಚೀಟಿ ನನ್ನದು. ತೆಗೆದವಳೂ ನಾನೇ."

"ಯಾಕೆ?"

ಬಾಯಿಪಾಠದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. "ಪೂಜೆಯ ಹೊತ್ತಿಗೆ ಅಪಶಕುನ ಎನಿಸಿತು," ಎಂದೆ. ಇಂಗ್ಲಿಷಿನಲ್ಲಿ ಅದು ಇನ್ನೂ ಕೆಟ್ಟದಾಗಿ ಕೇಳಿತು. ಅವರು ನಗಲಿಲ್ಲ. ಗಾಡಿಯ ಕೆಳಗೆ ಇಳಿದು ಪಿನ್ ನೋಡಿದರು, ಸರಪಳಿಯ ಒಂದೊಂದು ಕೊಂಡಿ ನೋಡಿದರು. ಮುಕ್ಕಾಲು ತಾಸು. ಮೇಲೆ ಬಂದು ಹೇಳಿದರು, "ನಿನ್ನೆ ಎಲ್ಲಿಂದ ಬಿಟ್ಟಿರೋ ಅಲ್ಲಿಂದಲೇ ಬಿಡೋಣ. ಬ್ರೇಕು ನೀವು ಹಿಡಿಯಿರಿ." ನೀವು ಎಂದರೆ ನಾನು. "ನಿನ್ನೆ ಫೋಟೊ ತೆಗೆಯುತ್ತಿದ್ದವರು ಎಲ್ಲಿ ಕೂತಿದ್ದರು?"

ಯಾರೂ ತೋರಿಸುವ ಮೊದಲೇ ಡೆನ್ನಿಸ್ ಹೋದರು. ಶಟರಿಗೆ ಬೆನ್ನು ಮಾಡಿ, ಹಳಿಗಳ ನಡುವೆ ನಿಂತು, ಗಾಡಿಯ ಹೆಡ್‌ಲೈಟು ಹಿಡಿದುಕೊಂಡು ಆ ಕೆಟ್ಟ ಮಂಡಿಯನ್ನು ಬಗ್ಗಿಸತೊಡಗಿದರು.

"ಏನು ಮಾಡುತ್ತಿದ್ದೀರಿ?" ಪರೀಕ್ಷಕರು ಕೇಳಿದರು.

"ಕೂರುತ್ತಿದ್ದೇನೆ. ಬ್ರೇಕು ಕಟ್ಟಿದವಳು ಅವಳು. ನನಗೆ ಇಲ್ಲಿ ಕೂರಲು ಅಡ್ಡಿಯಿಲ್ಲ."

"ನನಗೆ ಅಡ್ಡಿಯಿದೆ. ಏಳಿ ಮೇಲೆ. ನಿಮ್ಮ ಟೋಪಿ ಸಾಕು."

ಡೆನ್ನಿಸ್ ತಮ್ಮ ಉಣ್ಣೆಯ ಟೋಪಿಯನ್ನು ಅಲ್ಲಿಟ್ಟು ಬದಿಗೆ ಸರಿದರು. ನಾನು ಗಾಡಿ ಹತ್ತಿದೆ. ಪಕ್ಕದಲ್ಲಿ ಪರೀಕ್ಷಕರು. ಸುಧೀಂದ್ರ ಬೆಣೆ ತೆಗೆಯುವ ಮೊದಲು ಕೆಳಗಿನಿಂದ ಕೇಳಿದ, "ಅಕ್ಕ, ಪಿನ್ ನೋಡಿದ್ರಾ?" ಅವನಿಗೆ ಕಾಯ್ಲ್ ಯಾರೆಂದು ಗೊತ್ತಿಲ್ಲ.

"ನೋಡೀನಿ. ನೀನೂ ನೋಡು."

ಅವನು ಬಗ್ಗಿ, ಮುಟ್ಟಿ, ಕೈ ಎತ್ತಿದ. ಬೆಣೆ ಹೋಯಿತು.

ಮೊದಲ ಸಲ, ಪರೀಕ್ಷಕರು ನೆಲದ ಮೇಲೆ ಎಳೆದಿದ್ದ ಸೀಮೆಸುಣ್ಣದ ಗೆರೆ ದಾಟಿದ ಕೂಡಲೇ ಹಿಡಿ ತಿರುಗಿಸಿದೆ. ಸರಪಳಿ ಬಿಗಿಯಿತು, ಗಾಲಿ ನರಳಿತು, ಗಾಡಿ ಟೋಪಿಯಿಂದ ಆರು ಅಡಿ ಹಿಂದೆ ನಿಂತಿತು. ಎಲ್ಲರೂ ಸೇರಿ ಹಿಂದಕ್ಕೆ ತಳ್ಳಿದೆವು. ಎರಡನೆಯ ಸಲ ಅದೇ ಗೆರೆ, ಅದೇ ಕೈ. ಸರಪಳಿ ಬಿಗಿಯಿತು, ಗಾಲಿ ತಿರುಗುವುದು ನಿಂತಿತು, ಗಾಡಿ ನಿಲ್ಲಲಿಲ್ಲ. ಎಣ್ಣೆ ಹಚ್ಚಿದ ಹಂಚಿನ ಮೇಲೆ ದೋಸೆ ಜಾರಿದಂತೆ ಹಳಿಯ ಮೇಲೆ ಜಾರಿತು. ಟೋಪಿ ಹತ್ತಿರ ಬಂತು. ಇನ್ನೂ ಹತ್ತಿರ. ಹಿಡಿಯನ್ನು ಸ್ವಲ್ಪ ಬಿಡಬೇಕು, ಗಾಲಿ ಮತ್ತೆ ಉರುಳಬೇಕು, ಆಗಲೇ ಹಿಡಿತ ಸಿಗುವುದು. ಗಾಡಿ ಜಾರುವಾಗ ಬ್ರೇಕು ಬಿಡಲು ಮನಸ್ಸು ಒಪ್ಪುವುದಿಲ್ಲ. ಬಿಟ್ಟೆ. ಒಂದು ಎಣಿಸಿದೆ. ಮತ್ತೆ ಬಿಗಿದೆ. ನಿಂತಿತು. ಟೋಪಿಗೆ ಒಂದು ಗೇಣು.

ಪರೀಕ್ಷಕರು ಇಳಿದು ಹಿಂದಿನ ಗಾಲಿಯ ಬಳಿ ಹಳಿಗೆ ಬೆರಳು ಒರಸಿ ಮೂಗಿಗೆ ಹಿಡಿದರು. "ನಿಂಬೆಹಣ್ಣು," ಎಂದರು.

ನೆಲದ ಕುಂಕುಮವನ್ನೆಲ್ಲ ಬಳಿದು ತೆಗೆದಿದ್ದೆ. ಹಳಿ ಒರಸಿರಲಿಲ್ಲ, ಮೊದಲ ಸಲ ಉರುಳಿದ ಗಾಲಿ ಹಣ್ಣಿನ ತಿರುಳನ್ನು ಹಳಿಯುದ್ದಕ್ಕೂ ಹರಡಿತ್ತು. ಬಕೆಟ್ ತಂದು ವಾಷಿಂಗ್ ಸೋಡಾ ಕಲಸಿದ ನೀರಿನಲ್ಲಿ ಹಳಿ ಉಜ್ಜಿದೆ. ಡೆನ್ನಿಸ್ ಒಣ ಬಟ್ಟೆ ಹಿಡಿದು ನನ್ನ ಹಿಂದೆ ಹಿಂದೆಯೇ ಒರಸುತ್ತ ಬಂದರು. ಮೂರನೆಯ ಸಲ ಗಾಡಿ ಟೋಪಿಯಿಂದ ಏಳು ಅಡಿ ಹಿಂದೆಯೇ ನಿಂತಿತು. ನಾಲ್ಕನೆಯ ಸಲವೂ ಅಲ್ಲೇ.

ಅವರು ಫ್ಲಾಸ್ಕಿನ ಚಹಾ ಕುಡಿದು ಬರೆಯಲು ಕೂತರು. ಸಹಿ ಬಿತ್ತು. ಆರು ತಿಂಗಳು ಜನರನ್ನು ಹತ್ತಿಸದೆ ಓಡಿಸಬೇಕು, ಆಮೇಲೆ ಮತ್ತೊಂದು ಪರೀಕ್ಷೆ. ಕೊನೆಯಲ್ಲಿ ನನಗೆಂದೇ ಒಂದು ಸಾಲು: ಚೀಟಿ ಬಿಚ್ಚುವ ಮುನ್ನ ಎರಡನೆಯವರೊಬ್ಬರು ಮುಟ್ಟಿ ನೋಡಿ ಸಹಿ ಹಾಕತಕ್ಕದ್ದು. ಓದಿದಾಗ ಮುಖ ಬಿಸಿಯಾಯಿತು. ಮೂವತ್ತು ವರ್ಷ ನನ್ನ ಚೀಟಿಗೆ ನಾನೊಬ್ಬಳೇ ಸಾಕಾಗಿತ್ತು. ಸರಿಯಾದ ಸಾಲೇ ಅದು. ನೀವು ಸೇರಿದ ಡಿಪೋದಲ್ಲಿ ಇಂಥ ನಿಯಮ ಇಲ್ಲದಿದ್ದರೆ, ನೀವೇ ಒಬ್ಬರನ್ನು ಕರೆದು ತೋರಿಸಿ.

"ಆರು ತಿಂಗಳು," ಎಂದರು ಡೆನ್ನಿಸ್, ಟೋಪಿಯ ದೂಳು ಕೊಡವುತ್ತ. ಇಪ್ಪತ್ತನಾಲ್ಕು ತಾಸಿನ ಮೇಲೆ ನನಗೆ ಆಡಿದ ಮೊದಲ ಮಾತು. "ಅಷ್ಟರಲ್ಲಿ ನನಗೆ ಎಂಬತ್ತಾಗುತ್ತದೆ. ಹಿರಿಯರ ಪಾಸಿನಲ್ಲಿ ಪುಕ್ಕಟೆ ಹತ್ತುತ್ತೇನೆ." ಪುಸ್ತಕ ಮುಚ್ಚುವ ಮೊದಲು ಆ ಬನ್ನಿ ಎಲೆಯನ್ನು ಜೇಬಿನಿಂದ ತೆಗೆದು ನಿನ್ನೆಯ ಪುಟದಲ್ಲಿಟ್ಟರು. ಹೊರಡುವಾಗ ಮಣೆಯನ್ನು ಕ್ಲಾಂಪುಗಳ ಸಮೇತ ನನ್ನ ಕೈಗೆ ಕೊಟ್ಟರು.

ಮನೆಗೆ ತಂದು ಅಡುಗೆಮನೆಯಲ್ಲಿ ಗೋಡೆಗೆ ಆನಿಸಿಟ್ಟೆ. ಇವರು ನೋಡಿ, "ಭೇಷ್ ಕೂಡಿಸ್ಯಾನ. ಈ ಕಬ್ಬಿಣ ಬಿಚ್ಚಿ ಇಡ್ಲ್ಯಾ, ಗ್ವಾಡಿ ಕೆಡತದ," ಎಂದು ಕೈ ಹಾಕಿದರು.

"ಮುಟ್ಟಬ್ಯಾಡ್ರಿ. ಚೀಟಿ ನೋಡ್ರಿ."

ಕ್ಲಾಂಪಿಗೆ ಕೆಂಪು ಚೀಟಿ ಕಟ್ಟಿತ್ತು. ಅದರ ಮೇಲೆ ಬಡಗಿಯ ಪೆನ್ಸಿಲಿನಲ್ಲಿ ಡೆನ್ನಿಸ್‌ರ ಹೆಸರು, ಕೆಳಗೆ 'ಮಂಗಳವಾರದ ತನಕ'. ಮಂಗಳವಾರ ಅವರೇ ಬಂದು ಬಿಚ್ಚಬೇಕು. ಚಹಾಕ್ಕೆ ಕರೆದಿದ್ದೇನೆ.

ಉಂಡದ್ದು: ಒಂದೊಂದು ಹೋಳಿಗೆ, ತುಪ್ಪ, ಅನ್ನ, ಕಟ್ಟಿನ ಸಾರು. ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಇವರು ಏನೂ ಅನ್ನದೆ ಉಂಡರು. ದಿನವೂ ದಿಂಬಿಗೆ ತಲೆ ಕೊಟ್ಟ ಕೂಡಲೇ ಗೊರಕೆ ಹೊಡೆಯುವವರು ಇವರು. ಆ ದಿನ ಮೊದಲು ನಿದ್ದೆಹೋದವಳು ನಾನಂತೆ, ಗ್ಯಾಸ್ ಬಂದ್ ಆಗಿದೆಯೇ ಎಂದು ಎದ್ದು ನೋಡದೆ. ಅದನ್ನು ನೋಡಿಬಂದು ತಾವು ಮಲಗಿದರೆಂದು ಬೆಳಗ್ಗೆ ಚಹಾ ಕೊಡುತ್ತ ಇವರೇ ಹೇಳಿದರು.